ಬಡಿಸುವ ಹುಡುಗಿಯ ನಾಡಿ

ನಿವೃತ್ತಿಯಾದ ಮೇಲೆ ನನ್ನ ಮನೆಗೆ ಚಹಾಕ್ಕೆ ಬರುವವರಲ್ಲಿ ಹೆಚ್ಚಿನವರು ನಮ್ಮ ಕಡೆಯ ಎಳೆಯ ನರ್ಸುಗಳು. ದಾವಣಗೆರೆಯಲ್ಲೋ ಮಂಗಳೂರಿನಲ್ಲೋ ಕಲಿತು, ಇಲ್ಲಿ ನ್ಯೂಜಿಲೆಂಡಿನ ಪರೀಕ್ಷೆ ಪಾಸು ಮಾಡಿ, ಪಾಮರ್ಸ್ಟನ್ ನಾರ್ತ್‌ನ ಗಾಳಿಗೆ ತುಟಿ ಒಡೆಸಿಕೊಂಡು ಓಡಾಡುತ್ತಿರುವವರು. ಚಹಾದ ಕಪ್ ಕೈಗೆ ಬಂದ ಕೂಡಲೇ ಒಬ್ಬಳಾದರೂ ಕೇಳುತ್ತಾಳೆ: "ಸುಶೀಲಾ ಆಂಟಿ, ನೀವು ಯೂನಿವರ್ಸಿಟಿ ಹೆಲ್ತ್ ಸೆಂಟರ್‌ನಲ್ಲಿ ಇದ್ರಂತೆ. ಅಲ್ಲಿ ಆರಾಮ್ ಕೆಲ್ಸ ಅಲ್ವಾ? ವಾರ್ಡ್ ಇಲ್ಲ, ನೈಟ್ ಡ್ಯೂಟಿ ಇಲ್ಲ."

ನನಗೆ ಮೈಯೆಲ್ಲ ಉರಿಯುತ್ತದೆ. "ಆರಾಮ್ ಅಂತ ಯಾರ್ ಹೇಳಿದ್ರವಾ ನಿಮಗ?" ಎಂದು ಶುರು ಮಾಡಿದರೆ ಚಹಾ ಆರಿಹೋಗುವವರೆಗೂ ನಿಲ್ಲಿಸುವುದಿಲ್ಲ. ಪ್ರತಿ ಸಲ ಗಂಟಲು ಹರಿದುಕೊಳ್ಳುವ ಬದಲು ಬರೆದೇಬಿಡೋಣ ಎಂದು ಕೂತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಬೀಳ್ಕೊಡುಗೆಯಲ್ಲಿ ಯಾರು ಏನು ಹೊಗಳಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಕೇಳುವ ತಾಳ್ಮೆ ನನ್ನ ಗಂಡನಿಗೇ ಇಲ್ಲ.

ಆ ಕೇಂದ್ರಕ್ಕೆ ರಗ್ಬಿಯಲ್ಲಿ ಕಾಲು ಉಳುಕಿಸಿಕೊಂಡವರು ಬರುತ್ತಿದ್ದರು. ತೇವ ಹಿಡಿದ ಬಾಡಿಗೆ ಫ್ಲ್ಯಾಟುಗಳಲ್ಲಿ ಮಲಗಿ ಕೆಮ್ಮು ಅಂಟಿಸಿಕೊಂಡವರು, ಪರೀಕ್ಷೆಯ ಹೊತ್ತಿಗೆ ನಿದ್ದೆ ಕಳೆದುಕೊಂಡವರು ಬರುತ್ತಿದ್ದರು. ಇವರದ್ದು ಸುಲಭ. ನೋವು ಎಲ್ಲಿದೆಯೋ ಅಲ್ಲಿ ಬೆರಳು ಇಟ್ಟು ತೋರಿಸುತ್ತಾರೆ. ಕಷ್ಟ ಇರುವುದು, ಬೇರೇನೋ ನೆಪ ಹೇಳಿಕೊಂಡು ಬರುವ ಅಚ್ಚುಕಟ್ಟಾದ ಹುಡುಗಿಯರದ್ದು. "ಸ್ವಲ್ಪ ತಲೆಸುತ್ತು", "ಬೇಗ ಚಳಿಯಾಗುತ್ತೆ", "ಯಾಕೋ ಸುಸ್ತು". ಅಂಥವರಲ್ಲಿ ಕೆಲವರಿಗೆ ಊಟವೇ ವೈರಿಯಾಗಿರುತ್ತದೆ. ಈಟಿಂಗ್ ಡಿಸಾರ್ಡರ್ ಎಂದು ನೀವು ಪುಸ್ತಕದಲ್ಲಿ ಓದಿದ್ದೀರಿ. ಪುಸ್ತಕದ ಚಿತ್ರದಲ್ಲಿ ಎಲುಬು ಕಾಣುವ ಹುಡುಗಿ ಇರುತ್ತಾಳೆ. ನನ್ನ ಕೋಣೆಗೆ ಬಂದವರಲ್ಲಿ ಬಹಳಷ್ಟು ಮಂದಿ ಹಾಗಿರಲಿಲ್ಲ. ಬೀದಿಯಲ್ಲಿ ಸಿಕ್ಕರೆ ಆರೋಗ್ಯವಂತೆ ಎಂದೇ ಹೇಳಬೇಕು, ಹಾಗಿರುತ್ತಿದ್ದರು.

ನಾನು ಸೇರಿದ ಕಾಲಕ್ಕೆ ತೂಕದ ಯಂತ್ರ ಕಾರಿಡಾರಿನಲ್ಲೇ ಇತ್ತು. ಸಂತೆಯಲ್ಲಿ ಮೂಟೆ ತೂಗಿದ ಹಾಗೆ ಒಬ್ಬರು ತೂಗಿ, ಇನ್ನೊಬ್ಬರು ಬರೆದುಕೊಳ್ಳುವಂತೆ ಅಂಕಿಯನ್ನು ಗಟ್ಟಿಯಾಗಿ ಹೇಳುವುದು. ಆಮೇಲೆ ಅದು ಪರದೆಯ ಹಿಂದೆ ಹೋಯಿತು. ಇನ್ನೂ ಆಮೇಲೆ, ಹುಡುಗಿಯನ್ನು ಅಂಕಿಗೆ ಬೆನ್ನು ಮಾಡಿ ನಿಲ್ಲಿಸುವುದನ್ನು ಕಲಿತೆವು. ಅಂಕಿ ನಮಗೆ ಗೊತ್ತಿದ್ದರೆ ಸಾಕು, ಅವಳು ಅದನ್ನು ಹೊತ್ತುಕೊಂಡು ಮನೆಗೆ ಹೋಗಿ ಇಡೀ ದಿನ ಒದ್ದಾಡುವುದು ಬೇಡ. ಈಗ ಇದು ಎಲ್ಲರಿಗೂ ಗೊತ್ತಿರುವ ಮಾತು. ಆಗ ಇದನ್ನು ಒಪ್ಪಿಸಲು ಮೀಟಿಂಗಿನಲ್ಲಿ ಜಗಳವೇ ಆಗಿತ್ತು.

ನಮ್ಮ ಮುಖ್ಯ ವೈದ್ಯೆ ಫಿಯೋನಾ. ದಕ್ಷಿಣ ದ್ವೀಪದ ರೈತರ ಮಗಳು, ಕಾರಿನ ಡಿಕ್ಕಿಯಲ್ಲಿ ಸದಾ ಒಂದು ಜೊತೆ ಕೆಸರು ಬೂಟು. ಮಾತು ಕಡಿಮೆ, ನಡಿಗೆ ಜೋರು. ಅಂಕಿಗಳ ಮೇಲೆ ಆಕೆಗೆ ಬಹಳ ನಂಬಿಕೆ. ಆದರೆ ಎದುರಿಗಿರುವವರು ಹುಬ್ಬು ಗಂಟಿಕ್ಕಿದರೆ "ಏನು ಹೇಳು" ಎಂದು ನಿಂತು ಕೇಳುವ ಗುಣವೂ ಇತ್ತು. ಅಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ, ಸಂಬಳ ಸ್ವಲ್ಪ ಕಡಿಮೆಯಾದರೂ ಅಲ್ಲೇ ಇರಿ.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಮ್ಮ ಮಕ್ಕಳನ್ನು "ಊಟ ಆಯ್ತಾ?" ಎಂದು ಕೇಳಿ, ಬಂದ ಉತ್ತರವನ್ನು ನಂಬಬೇಡಿ. ನಮ್ಮಲ್ಲಿ ಅದು ನಮಸ್ಕಾರವಿದ್ದ ಹಾಗೆ. ಉಂಡಿರಲಿ ಬಿಡಲಿ, "ಆಯ್ತು" ಎನ್ನುವುದು ಮರ್ಯಾದೆ. ಒಮ್ಮೆ ಹಾಸನದ ಹುಡುಗಿಯೊಬ್ಬಳು ನನ್ನೆದುರು ಕೂತು "ಆಯ್ತು ಆಂಟಿ" ಎಂದಳು. ಅದೇ ಹೊತ್ತಿಗೆ ಆ ನಿಶ್ಶಬ್ದ ಕೋಣೆಯಲ್ಲಿ ಅವಳ ಹೊಟ್ಟೆ ಗೊರ್ ಎಂದಿತು. ಇಬ್ಬರೂ ನಕ್ಕೆವು. ಅವತ್ತಿನಿಂದ ನಾನು "ನಿನ್ನೆ ಸಂಜೆ ಯಾರ ಜೊತೆ ಕೂತು ಏನು ತಿಂದೆ?" ಎಂದು ಕೇಳತೊಡಗಿದೆ. ಸುಳ್ಳು ಹೇಳಬೇಕಾದರೂ ಸ್ವಲ್ಪ ಯೋಚಿಸಬೇಕಾಗುತ್ತದೆ, ಆ ಯೋಚನೆ ಮುಖದಲ್ಲಿ ಕಾಣುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಕಣ್ಣೆದುರೇ ಒಬ್ಬಳು ತಪ್ಪಿಸಿಕೊಳ್ಳುತ್ತಿದ್ದಳು. ಕೊಲಂಬಿಯಾದಿಂದ ಹಸುಗಳ ಬಗ್ಗೆ ಓದಲು ಬಂದ ಹುಡುಗಿ. ಕಮೀಲಾ ಎಂದು ಕರೆಯೋಣ. ಇದು ಅವಳ ನಿಜವಾದ ಹೆಸರಲ್ಲ, ಬರೆಯುವುದಕ್ಕೆ ಅವಳ ಒಪ್ಪಿಗೆ ಇದೆ. ಅವಳೊಂದಿಗೆ ನನ್ನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು, ಇಲ್ಲಿ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದೇನೆ.

ಅವಳನ್ನು ನಾನು ಮೊದಲು ಸರಿಯಾಗಿ ಗಮನಿಸಿದ್ದು ಆರೋಗ್ಯ ಕೇಂದ್ರದಲ್ಲಲ್ಲ, ಒಂದೂವರೆ ಗಂಟೆ ದಾರಿಯ ಅಪ್ಪರ್ ಹಟ್‌ನ ಒಂದು ಅಡುಗೆಮನೆಯಲ್ಲಿ. ಅದು ಮೈಸೂರಿನ ಸುಧಾಳ ಮನೆ. ಸುಧಾಳ ಮಗಳು ಅನಘಾ ನಮ್ಮ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು, ಕಮೀಲಾ ಅವಳ ಫ್ಲ್ಯಾಟ್‌ಮೇಟ್. ಒಂದು ಭಾನುವಾರ ಸುಧಾ ದೋಸೆಗೆ ಕರೆದಿದ್ದಳು. ನಾನೂ ಹೋಗುವವಳಿದ್ದೆ, ಇಬ್ಬರು ಹುಡುಗಿಯರನ್ನೂ ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ.

"ಬನ್ನಿ ಸುಶೀಲಕ್ಕ, ಹಿಟ್ಟು ಸಕತ್ತಾಗಿ ಉಬ್ಬಿದೆ. ರಾತ್ರಿಯೆಲ್ಲ ಹಾಟ್ ವಾಟರ್ ಕಬೋರ್ಡ್‌ನಲ್ಲಿ ಮಲಗಿಸಿದ್ದೆ" ಎಂದು ಸುಧಾ ಬಾಗಿಲಲ್ಲೇ ಹೇಳಿದಳು. ಈ ದೇಶದ ಚಳಿಯಲ್ಲಿ ಬಿಸಿನೀರಿನ ಸಿಲಿಂಡರ್ ಇರುವ ಆ ಕಪಾಟೇ ನಮ್ಮ ಹಿಟ್ಟಿನ ದೇವರು.

ಸುಧಾ ಒಲೆಯ ಮುಂದೆ ನಿಂತಳು. ಕಮೀಲಾ ಯಾರೂ ಹೇಳದೆ ಅವಳ ಪಕ್ಕ ನಿಂತು, ಕಾವಲಿಯಿಂದ ಎದ್ದ ದೋಸೆಯನ್ನು ಬಿಸಿಬಿಸಿಯಾಗಿ ಮೇಜಿಗೆ ತಂದು ಹಾಕತೊಡಗಿದಳು. ನಮ್ಮ ತಟ್ಟೆ ಖಾಲಿಯಾಗಲು ಬಿಡಲಿಲ್ಲ. ಚಟ್ನಿ ಮುಗಿಯುವ ಮೊದಲೇ ಚಟ್ನಿ ಬಂತು. "ಇನ್ನೊಂದು?" ಎಂಬ ಕನ್ನಡ ಮಾತನ್ನು ಅಲ್ಲೇ ಕಲಿತು ಅಲ್ಲೇ ಬಳಸಿದಳು.

ಸುಧಾ ಹಿಗ್ಗಿಹೋದಳು. "ನೋಡೇ ಅನಘಾ, ನೋಡಿ ಕಲಿತ್ಕೋ! ಎಲ್ಲಿಂದಲೋ ಬಂದ ಮಗು, ಎಷ್ಟು ಚೆನ್ನಾಗಿ ಬಡಿಸ್ತಿದೆ. ನೀನು ಮಹಾರಾಣಿ ಥರ ಕೂತಿದೀಯ."

"ಅಮ್ಮಾ, ಪ್ಲೀಸ್. ಸ್ಟಾಪ್ ಇಟ್" ಎಂದಳು ಅನಘಾ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನಾನೂ ಹೊಗಳಿದೆ. ಯಾಕೆ ಹೊಗಳಬಾರದು? ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣು ಎಂದರೆ ನಮ್ಮ ಕಡೆ ಜಾತಿ ಧರ್ಮ ಯಾವುದೇ ಇರಲಿ, ಚಿನ್ನ. ಗದಗಿನ ನಮ್ಮ ಕ್ರಿಶ್ಚಿಯನ್ ಓಣಿಯಲ್ಲೂ ಅದೇ ಮಾತು, ಸುಧಾಳ ಅಗ್ರಹಾರದಲ್ಲೂ ಅದೇ ಮಾತು. ಬಡಿಸುವವಳು ಏನು ತಿಂದಳು ಎಂದು ನೋಡುವ ಕಣ್ಣು ಮಾತ್ರ ಎರಡೂ ಕಡೆ ಇಲ್ಲ.

ಎಲ್ಲರದ್ದೂ ಮುಗಿದ ಮೇಲೆ ಸುಧಾ ಕೊನೆಯ ದೋಸೆಯನ್ನು ನಿಂತುಕೊಂಡೇ ಹರಿದು ತಿಂದಳು. ಕಮೀಲಾ ಆಗಲೇ ಪಾತ್ರೆ ತೊಳೆಯುತ್ತಿದ್ದಳು. "ನಿನ್ನ ಊಟ?" ಎಂದು ಕೇಳಿದರೆ ತಿರುಗಿ ನಗುತ್ತಾ "ಆಯ್ತು" ಎಂದಳು, ಕನ್ನಡದಲ್ಲೇ. ಮನೆಯೆಲ್ಲ ಚಪ್ಪಾಳೆ.

ಆಮೇಲೆ ಒಂದು ಚಮಚ ಕೆಳಗೆ ಬಿತ್ತು. ಎತ್ತಲು ಕುಕ್ಕರಿಸಿ ಕೂತಳು, ಏಳುವಾಗ ಅಡುಗೆ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದಳು, ಕಣ್ಣು ಒಂದು ಕ್ಷಣ ಎಲ್ಲೋ ಹೋಯಿತು. ನಾನು ಕೈ ಹಿಡಿದುಕೊಂಡೆ. ಒಲೆ ಉರಿದು ಇಡೀ ಅಡುಗೆಮನೆ ಬೆಚ್ಚಗಿತ್ತು, ಅವಳ ಕೈ ಮಾತ್ರ ನಲ್ಲಿ ನೀರಿನ ಹಾಗೆ ತಣ್ಣಗಿತ್ತು.

ವಾಪಸ್ ಬರುವಾಗ ಕಮೀಲಾ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ದಾರಿಯಲ್ಲಿ ಲೆವಿನ್ ಊರು ದಾಟುವಾಗ ಅನಘಾ ತಗ್ಗಿದ ದನಿಯಲ್ಲಿ ಹೇಳಿದಳು: "ಆಂಟಿ, ಶೀ ಕುಕ್ಸ್ ಫಾರ್ ದಿ ಹೋಲ್ ಫ್ಲ್ಯಾಟ್. ಬಟ್ ಐ ಹ್ಯಾವ್ ನೆವರ್ ಸೀನ್ ಹರ್ ಈಟ್."

ಹೊಸಬರು ಇಲ್ಲಿ ಒಂದು ಕಲಿಯಬೇಕು. ಊಟದ ಮನೆಯಲ್ಲಿ ನಾನು ಅತಿಥಿ, ನರ್ಸ್ ಅಲ್ಲ. ಅಲ್ಲೇ ವಿಚಾರಣೆ ಶುರು ಮಾಡಿದರೆ ಹುಡುಗಿ ಮತ್ತೆಂದೂ ಮುಖ ತೋರಿಸುವುದಿಲ್ಲ. ಫ್ಲ್ಯಾಟಿನ ಮುಂದೆ ಇಳಿಸುವಾಗ ಇಷ್ಟೇ ಹೇಳಿದೆ: "ನಿನ್ನ ಕೈ ಬಹಳ ತಣ್ಣಗಿದೆ ಮಗಳೇ. ಒಮ್ಮೆ ನಮ್ಮ ಕೇಂದ್ರಕ್ಕೆ ಬಾ." ಅವಳು ನಕ್ಕು ತಲೆಯಾಡಿಸಿದಳು. ಆಮೇಲೆ ದಿನಾ ಬೆಳಿಗ್ಗೆ ಅಪಾಯಿಂಟ್‌ಮೆಂಟುಗಳಲ್ಲಿ ಅವಳ ಹೆಸರಿದೆಯೇ ಎಂದು ಹುಡುಕುತ್ತಿದ್ದೆ. ಕೊನೆಗೂ ಬಂದಳು. ನೆಪ, ಸುಸ್ತು.

ಫಿಯೋನಾ ನಮ್ಮ ಮಾಮೂಲಿ ಪ್ರಶ್ನೆಗಳನ್ನು ಕೇಳಿದಳು. ಅದರಲ್ಲಿ ಒಂದು, ಬೇರೆಯವರು ನೀನು ಸಣ್ಣಗಿದ್ದೀಯ ಎಂದರೂ ನಿನಗೆ ನೀನು ದಪ್ಪ ಎನ್ನಿಸುತ್ತದೆಯೇ ಎಂಬ ಅರ್ಥದ್ದು. ಕಮೀಲಾ "ಇಲ್ಲ" ಎಂದಳು. ಉಳಿದವಕ್ಕೂ ಹೆಚ್ಚುಕಡಿಮೆ ಅದೇ ಉತ್ತರ. ತೂಕ ಇರಬೇಕಾದ ಮಿತಿಯಲ್ಲೇ ಇತ್ತು. ಅವಳನ್ನು ಒಂದು ನಿಮಿಷ ಹೊರಗೆ ಕೂರಿಸಿ ಫಿಯೋನಾ ನನ್ನತ್ತ ತಿರುಗಿದಳು. "ಎಲ್ಲ ಸರಿಯಿದೆ. ಆದರೆ ನಿನ್ನ ಹುಬ್ಬು ಸರಿಯಿಲ್ಲ. ಏನು?"

"ಅವಳು ಬಡಿಸುವವಳು" ಎಂದೆ.

ಫಿಯೋನಾಗೆ ಅರ್ಥವಾಗಲಿಲ್ಲ. ಅವರ ಮನೆಯಲ್ಲಿ ತಟ್ಟೆ ತುಂಬಿಸಿಕೊಂಡು ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಯಾರು ತಿನ್ನಲಿಲ್ಲ ಎಂಬುದು ತಕ್ಷಣ ಕಾಣುತ್ತದೆ. ನಾನು ಆ ಭಾನುವಾರದ ಅಡುಗೆಮನೆಯನ್ನು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಬಾಯಿಯನ್ನು ಕೇಳಿದ್ದು ಸಾಕು, ಹೃದಯವನ್ನು ಕೇಳೋಣ" ಎಂದಳು. ಕಮೀಲಾಳನ್ನು ಮಲಗಿಸಿ ನಾಡಿ ನೋಡಿದೆವು, ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದೆವು. ಮಲಗಿದಾಗ ಮುದುಕರ ನಡಿಗೆಯಂತಿದ್ದ ನಾಡಿ, ನಿಂತ ಕೂಡಲೇ ಎದ್ದುಬಿದ್ದು ಓಡಿತು. ರಕ್ತ ಕಳಿಸಿದೆವು. ಮಧ್ಯಾಹ್ನವೇ ಲ್ಯಾಬಿನಿಂದ ಫೋನ್. ಪೊಟ್ಯಾಶಿಯಂ ತೀರಾ ಇಳಿದಿದೆ, ಹುಡುಗಿ ಈಗಲೇ ಆಸ್ಪತ್ರೆಗೆ ಹೋಗಬೇಕು. ಇನ್ನೂ ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ಆ ಎಳೆಯ ಹೃದಯ ಎಲ್ಲಾದರೂ ನಿಂತುಬಿಡುತ್ತಿತ್ತು. ತಿನ್ನದಿರುವುದರ ಜೊತೆಗೆ ಇನ್ನೂ ಕೆಲವು ಗುಟ್ಟುಗಳಿದ್ದವು. ಅವನ್ನು ಬರೆಯುವುದಿಲ್ಲ, ಓದಿ ಕಲಿಯುವವರೂ ಇರುತ್ತಾರೆ.

ಆಸ್ಪತ್ರೆಯ ಮಂಚದ ಮೇಲೆ ಅವಳು ಹೇಳಿದ ಮೊದಲ ಮಾತು: "ಅಮ್ಮನಿಗೆ ಹೇಳಬೇಡಿ. ಹೇಳಿದರೆ ವಾಪಸ್ ಕರೆಸಿಕೊಳ್ಳುತ್ತಾರೆ. ನನ್ನ ಓದು ಅಲ್ಲಿಗೆ ಮುಗಿಯಿತು." ಜೀವ ಒಂದು ಕಡೆ, ಓದು ಒಂದು ಕಡೆ. ಎರಡರಲ್ಲಿ ಒಂದು ಮಾತ್ರ ಉಳಿಯುತ್ತದೆ ಎಂದು ಅವಳು ನಂಬಿದ್ದಳು. ಎರಡೂ ಉಳಿಯಬಹುದು ಎಂದು ಅವಳಿಗೆ ನಂಬಿಸುವುದೇ ನಮ್ಮ ಕೆಲಸವಾಯಿತು.

ಫಿಯೋನಾ ಸಂಜೆ ನೋಡಲು ಬಂದಾಗ ನೇರವಾಗಿ ಕೇಳಿದಳು, "ನನ್ನ ಪ್ರಶ್ನೆಗೆ ಯಾಕೆ ಇಲ್ಲ ಎಂದೆ?"

"ನಾನು ಸುಳ್ಳು ಹೇಳಲಿಲ್ಲ" ಎಂದಳು ಕಮೀಲಾ. "ನಾನು ಸಣ್ಣಗಿದ್ದೀನಿ ಎಂದು ಯಾರು ಹೇಳುತ್ತಾರೆ? ಅಜ್ಜಿ ನನ್ನನ್ನು ಕರೆಯುವುದೇ ಗೊರ್ದಿತಾ, ಪುಟ್ಟ ದಪ್ಪಗಿ ಅಂತ. ಪ್ರೀತಿಯಿಂದಲೇ. ಚಿಕ್ಕಮ್ಮಂದಿರು ತಟ್ಟೆ ತುಂಬ ಹಾಕುತ್ತಾರೆ, ಬಿಟ್ಟರೆ ಬೇಜಾರು. ತಿಂದು ಎದ್ದರೆ, ಅಕ್ಕನ ಮದುವೆಗೆ ಈ ಫ್ರಾಕು ಮೈಗೆ ಆಗುತ್ತದಾ ಎಂದು ಕೇಳುತ್ತಾರೆ. ನಾನೂ ದಪ್ಪ ಅಂತೀನಿ, ಅವರೂ ದಪ್ಪ ಅಂತಾರೆ. ಎಲ್ಲರದ್ದೂ ಒಂದೇ ಮಾತು."

ತಪ್ಪಿದ್ದು ಅವಳ ಉತ್ತರವಲ್ಲ, ನಮ್ಮ ಪ್ರಶ್ನೆ ಎಂದು ಫಿಯೋನಾಗೂ ನನಗೂ ಆಗ ತಿಳಿಯಿತು. ಆ ಪ್ರಶ್ನೆ ಹುಟ್ಟಿದ ಕಡೆಯ ಮನೆಗಳಲ್ಲಿ, ಮಗಳ ತೂಕ ಇಳಿದರೆ ಮನೆಯವರು ಗಾಬರಿಯಾಗುತ್ತಾರೆ. ಕಮೀಲಾಳ ಮನೆಯಲ್ಲಿ, ನಮ್ಮ ಮನೆಗಳಲ್ಲಿ, ಹೊಗಳುತ್ತಾರೆ. ನನ್ನನ್ನೂ ಮದುವೆಯಾಗುವವರೆಗೆ ಡುಮ್ಮಿ ಎಂದೇ ಕರೆದರು. ಈಗಲೂ ಕನ್ನಡದವರ ಯಾವುದೇ ಸಮಾರಂಭಕ್ಕೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಯಾರಾದರೂ ನಿಮ್ಮ ಮೈಯ ಬಗ್ಗೆ ವರದಿ ಒಪ್ಪಿಸಿರುತ್ತಾರೆ.

ಚಿಕಿತ್ಸೆಗೆ ಅವಳು ಸುಲಭವಾಗಿ ಒಪ್ಪಲಿಲ್ಲ. "ನಾನೇ ಸರಿಮಾಡಿಕೊಳ್ಳುತ್ತೇನೆ, ಇದು ನನ್ನ ತಪ್ಪು" ಎಂದೇ ಹಟ. ಒಂದು ದಿನ ನನಗೆ ತಾಳ್ಮೆ ತಪ್ಪಿತು. "ನೀನು ಓದುತ್ತಿರುವುದು ಹಸುಗಳನ್ನಲ್ಲವೇ? ಮಂದೆಯಲ್ಲಿ ಒಂದು ಕರು ಮೇವು ಬಿಟ್ಟರೆ ಏನು ಮಾಡುತ್ತೀ?" ಎಂದು ಕೇಳಿದೆ.

ಅವಳ ಮುಖಕ್ಕೆ ಜೀವ ಬಂತು. "ಮೊದಲು ಎಡಗಡೆ ಪಕ್ಕೆಯ ಹಿಂದಿನ ಕುಳಿ ನೋಡುತ್ತೇನೆ. ಒಳಗೆ ಇಳಿದಿದ್ದರೆ ಹೊಟ್ಟೆ ಖಾಲಿ. ಆಮೇಲೆ ಬೇರೆ ಕರುಗಳು ತಳ್ಳುತ್ತಿವೆಯೇ ನೋಡುತ್ತೇನೆ."

"ಬೈಯುವುದಿಲ್ಲವೇ? ತಪ್ಪು ಅದರದ್ದೇ ಅಲ್ಲವೇ?"

"ಬೈದರೆ ಕರು ತಿನ್ನುತ್ತದೆಯೇ?" ಎಂದು ನನ್ನನ್ನೇ ಗದರಿಸಿದಳು. "ಅದು ತಿನ್ನುವವರೆಗೆ ಪಕ್ಕದಲ್ಲಿ ನಿಲ್ಲುತ್ತೇನೆ. ಉಳಿದವನ್ನು ದೂರ ಇಡುತ್ತೇನೆ." ಅಷ್ಟು ಹೇಳಿ ನನ್ನತ್ತ ತಿರುಗಿದಳು. "ಯಾರು ನಿಲ್ಲುತ್ತಾರೆ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ಆ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ. ನನ್ನ ಕಣ್ಣು ತುಂಬಿತು, ಮುಚ್ಚಿಟ್ಟುಕೊಳ್ಳಲೂ ಇಲ್ಲ.

ನಿಲ್ಲಲು ಜನ ಸಿಕ್ಕರು. ಈ ಕಾಯಿಲೆಗೆಂದೇ ಇರುವ ವಿಶೇಷ ತಂಡದ ಆಹಾರ ತಜ್ಞೆ, ಸಲಹೆಗಾರ್ತಿ, ಮಧ್ಯಾಹ್ನದ ಊಟಕ್ಕೆ ಜೊತೆಯಾಗಿ ಅನಘಾ. ಒಂದು ಸೆಮಿಸ್ಟರಿಗೆ ಪೇಪರುಗಳನ್ನು ಕಡಿಮೆ ಮಾಡಿಕೊಳ್ಳಬಹುದು, ಕೋರ್ಸ್ ಬಿಡಬೇಕಿಲ್ಲ ಎಂದು ವಿಭಾಗದವರು ಒಪ್ಪಿದರು. ಅದು ಖಾತ್ರಿಯಾದ ಮೇಲೆ ಅವಳೇ ಅಮ್ಮನಿಗೆ ವೀಡಿಯೋ ಕರೆ ಮಾಡಿದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಸ್ಪ್ಯಾನಿಷ್ ನನಗೆ ಒಂದಕ್ಷರ ಬಾರದು. ಆ ತಾಯಿ ಅತ್ತದ್ದು ಮಾತ್ರ ಪೂರ್ತಿ ಅರ್ಥವಾಯಿತು. ವಾಪಸ್ ಬಾ ಎಂದು ಆಕೆ ಹೇಳಲಿಲ್ಲವಂತೆ. ಅಜ್ಜಿಗೆ ನಾನೇ ಹೇಳುತ್ತೇನೆ, ಇನ್ನು ಆ ಹೆಸರಿನಿಂದ ಕರೆಯುವುದಿಲ್ಲ ಎಂದಳಂತೆ.

ಸುಧಾಳಿಗೆ ನಾನು ಒಂದು ಮಾತೂ ಹೇಳಿರಲಿಲ್ಲ, ಹೇಳುವ ಹಕ್ಕು ನನಗಿರಲಿಲ್ಲ. "ಆ ಹುಡುಗೀನ ಕರ್ಕೊಂಡು ಬರ್ರೀ ಸುಶೀಲಕ್ಕ, ಯಾಕೆ ಬರ್ತಾನೇ ಇಲ್ಲ?" ಎಂದು ನನ್ನ ಗದಗಿನ ಮಾತನ್ನು ಅಣಕಿಸುತ್ತಾ ಫೋನಿನಲ್ಲಿ ಕೇಳುತ್ತಲೇ ಇದ್ದಳು. ಕೊನೆಗೆ ಕಮೀಲಾ ನನ್ನನ್ನೂ ಅನಘಾಳನ್ನೂ ಕರೆದುಕೊಂಡು ತಾನೇ ಹೋಗಿ, ಅದೇ ಅಡುಗೆಮನೆಯಲ್ಲಿ ನಿಂತು ಹೇಳಿದಳು. ಅವತ್ತು ಎಲ್ಲರೂ ಹೊಗಳಿದಾಗ ತನಗೆ ಬಹಳ ಸುಲಭವಾಯಿತು, ಬಡಿಸುತ್ತಿದ್ದರೆ ಯಾರೂ ತನ್ನ ತಟ್ಟೆ ನೋಡುವುದಿಲ್ಲ ಎಂದು.

ಸುಧಾ ಸೌಟು ಕೆಳಗಿಟ್ಟಳು. "ನಾನು ನಿನ್ನ ಹೊಗಳಿದ್ನಲ್ಲೇ ಮಗೂ" ಎಂದು ಕನ್ನಡದಲ್ಲೇ ಅಂದು ಅವಳನ್ನು ತಬ್ಬಿಕೊಂಡಳು. ಅನಘಾ ಅಳುತ್ತಾ ಅಲ್ಲಿಂದಲೇ ಬಾಣ ಬಿಟ್ಟಳು: "ಅಮ್ಮಾ, ಯೂ ನೆವರ್ ಸಿಟ್ ಡೌನ್ ಈದರ್."

"ನಂದೇನೇ? ನಂಗೇನಾಗಿದೆ?"

"ಬಿಸಿ ದೋಸೆ ನೀ ಯಾವಾಗ ತಿಂದೀದಿ ಹೇಳು ನೋಡೂಣು" ಎಂದೆ ನಾನು.

ಮುಂದಿನ ಸಲ ನಾವು ಹೋದಾಗ ಊಟದ ಮೇಜಿನ ನಡುವೆ ಒಂದು ವಿದ್ಯುತ್ ಕಾವಲಿ ಕೂತಿತ್ತು, ಪಕ್ಕದಲ್ಲಿ ಹಿಟ್ಟಿನ ಪಾತ್ರೆ. ಅವರವರ ದೋಸೆ ಅವರವರೇ ಹುಯ್ದುಕೊಳ್ಳಬೇಕು, ಯಾರೂ ಬಡಿಸುವ ಹಾಗಿಲ್ಲ, ಇದು ಸುಧಾಳ ಹೊಸ ಕಾನೂನು. ಕಾನೂನು ಮಾಡಿದವಳೇ ಮತ್ತೆ ಮತ್ತೆ ಎದ್ದಳು. ಉಪ್ಪು ತರುತ್ತೇನೆ, ನೀರು ತರುತ್ತೇನೆ. ಅನಘಾ ಪ್ರತಿ ಸಲ ಸೆರಗಿಲ್ಲದ್ದಕ್ಕೆ ಅಮ್ಮನ ಸ್ವೆಟರನ್ನೇ ಹಿಡಿದು ಕೂರಿಸಿದಳು. ಸುಧಾಳ ಗಂಡ ಹುಯ್ದ ದೋಸೆ ನ್ಯೂಜಿಲೆಂಡಿನ ನಕ್ಷೆಯಂತೆ ಎರಡು ತುಂಡಾಯಿತು, ಅದನ್ನು ಆಡಿಕೊಳ್ಳುವುದರಲ್ಲೇ ಅರ್ಧ ಊಟ ಮುಗಿಯಿತು. ಕಮೀಲಾ ತನ್ನ ಅರ್ಧ ದೋಸೆಯನ್ನು ನಿಧಾನವಾಗಿ, ಬೆವರುತ್ತಾ, ತಿಂದು ಮುಗಿಸಿದಳು. ಯಾರೂ ಶಭಾಷ್ ಎನ್ನಲಿಲ್ಲ. ಅನ್ನಬಾರದು ಎಂದು ಅವಳೇ ಮೊದಲೇ ಕೇಳಿಕೊಂಡಿದ್ದಳು. ಬಿಸಿ ದೋಸೆಯ ಮೊದಲ ತುತ್ತಿಗೆ ಸುಧಾ ಕಣ್ಣು ಮುಚ್ಚಿದ್ದನ್ನು ಮಾತ್ರ ನಾವೆಲ್ಲ ನೋಡಿದೆವು.

ಗುಣವಾಗುವುದು ನೆಟ್ಟನೆಯ ರಸ್ತೆಯಲ್ಲ. ಕಮೀಲಾ ನಡುವೆ ಜಾರಿದಳು, ಮತ್ತೆ ಎದ್ದಳು, ಮತ್ತೆ ನಾಡಿ ನೋಡಿದೆವು. ಸ್ವಲ್ಪ ಗಟ್ಟಿಯಾದ ಮೇಲೆ ತಾನಾಗಿಯೇ ಫಿಯೋನಾಳ ಬಳಿ ಬಂದು, ಲ್ಯಾಟಿನ್ ಅಮೆರಿಕದಿಂದ ಬಂದ ಉಳಿದ ಹುಡುಗಿಯರನ್ನೂ ಕೂರಿಸಿ ಈ ಪ್ರಶ್ನೆಗಳನ್ನು ಒಟ್ಟಿಗೆ ನೋಡೋಣ ಎಂದಳು. ಚಿಲಿಯವಳು, ಮೆಕ್ಸಿಕೋದವಳು, ಇಲ್ಲೇ ಹುಟ್ಟಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವಳು, ಎಲ್ಲರೂ ಕಾಫಿ ಹಿಡಿದು ಕೂತರು. ಯಾವ ಪ್ರಶ್ನೆ ತಮ್ಮ ಮನೆಗೆ ಹೊಂದುತ್ತದೆ, ಯಾವುದು ಬಾಗಿಲಲ್ಲೇ ಮುಗ್ಗರಿಸುತ್ತದೆ ಎಂದು ನಗುನಗುತ್ತಾ ನಮ್ಮನ್ನು ತೊಳೆದಿಟ್ಟರು. ಮಾಮೂಲಿ ಪ್ರಶ್ನೆಗಳನ್ನು ನಾವು ಎಸೆಯಲಿಲ್ಲ. ಅದರ ಜೊತೆಗೆ, ನಿನ್ನ ಮನೆಯವರು ನಿನ್ನ ಮೈಯ ಬಗ್ಗೆ ಏನು ಮಾತಾಡುತ್ತಾರೆ, ಮನೆಯಲ್ಲಿ ಕೊನೆಗೆ ಯಾರು ಉಣ್ಣುತ್ತಾರೆ, ಇಲ್ಲಿ ಯಾರ ಜೊತೆ ಕೂತು ಉಣ್ಣುತ್ತೀ ಎಂದೂ ಕೇಳತೊಡಗಿದೆವು. ಉತ್ತರ ಎಷ್ಟೇ ಚೆನ್ನಾಗಿರಲಿ, ಸುಸ್ತು ಎಂದು ಬಂದವಳನ್ನು ಮಲಗಿಸಿ, ನಿಲ್ಲಿಸಿ ನಾಡಿ ನೋಡುವುದು ಅಭ್ಯಾಸವಾಯಿತು. ಆಮೇಲಿನ ದಿನಗಳಲ್ಲಿ ನಮ್ಮ ಹುಡುಗಿಯರೂ, ಅಂದರೆ ಕನ್ನಡದ, ತೆಲುಗಿನ, ಗುಜರಾತಿನ ಹುಡುಗಿಯರೂ, ಅದೇ ಪ್ರಶ್ನೆಗಳಿಗೆ ಬಾಯಿ ಬಿಟ್ಟರು. ಮೊದಲಿಗಿಂತ ಬೇಗ ಬಂದರು, ಹೃದಯ ಸೋಲುವ ಮೊದಲೇ ಬಂದರು. ನನ್ನ ಇಡೀ ನೌಕರಿಯಲ್ಲಿ ಇಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ.

ಆರಾಮಿನ ಕೆಲಸ ಎಂದು ಬರುವ ನನ್ನ ಹುಡುಗಿಯರೇ, ಆದ್ದರಿಂದ ಊಟದ ಮನೆಯಲ್ಲಿ ಮೆಚ್ಚುಗೆ ಪಡೆಯುವವರ ಮೇಲೆ ಒಂದು ಕಣ್ಣಿಟ್ಟಿರಿ. ನೀವೂ ಕೂತು ಉಣ್ಣಿ. ಶಿಫ್ಟಿನಲ್ಲಿ ನಿಂತುಕೊಂಡು ಬಿಸ್ಕತ್ತು ನುಂಗುವ ನರ್ಸ್, ಇನ್ನೊಬ್ಬರಿಗೆ ಯಾವ ಬಾಯಿಂದ ಹೇಳುತ್ತಾಳೆ?

ಕಮೀಲಾ ಓದು ಮುಗಿಸಿ ಈಗ ಇಲ್ಲೇ ಸುತ್ತಮುತ್ತಲ ಫಾರ್ಮುಗಳಲ್ಲಿ ಹಸುಗಳ ಮೇವಿನ ಬಗ್ಗೆ ಸಲಹೆ ಕೊಡುತ್ತಾಳೆ. ಕಳೆದ ವಾರ ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತೆರೆದರೆ ಅವಳು. ಮೊಣಕಾಲಿನವರೆಗೆ ಕೆಸರು, ಗಾಳಿಗೆ ಕೆದರಿದ ಕೂದಲು, ಹೊರಗೆ ನಿಲ್ಲಿಸಿದ ಪಿಕಪ್ ಟ್ರಕ್‌ನ ಎಂಜಿನ್ ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು. ಕೈ ಹಿಡಿದೆ, ಬೆಚ್ಚಗಿತ್ತು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ, ಬಾಯಿಗೆ ಬಂದದ್ದು ಅದೇ ಮಾತು.

"ಊಟ ಆತೇನವಾ?"

ಅವಳು ಹೊಸ್ತಿಲಾಚೆ ಬೂಟು ಕಳಚುತ್ತಾ, ಸುಧಾ ಕಲಿಸಿದ ಕನ್ನಡದಲ್ಲಿ ಹೇಳಿದಳು:

"ಇಲ್ಲ ಆಂಟಿ. ಹೊಟ್ಟೆ ಹಸೀತಿದೆ."

ನನ್ನದು ಆಗಲೇ ಆಗಿತ್ತು. ಆದರೂ ಎರಡು ತಟ್ಟೆ ತೆಗೆದೆ.